ಒತ್ತಡ ಏರಿದರೆ ಚಳಿ ಏಕೆ?

ಸೈಕಲ್ ಟೈರಿಗೆ ಗಾಳಿ ತುಂಬುವಾಗ ಪಂಪಿನ ಬುಡವನ್ನು ಮುಟ್ಟಿ ನೋಡಿದ್ದೀರಾ? ಹತ್ತಿಪ್ಪತ್ತು ಬಾರಿ ಒತ್ತುವಷ್ಟರಲ್ಲಿ ಅದು ಬೆಚ್ಚಗಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದರ ಉಷ್ಣತೆ ಏರುತ್ತದೆ, ಹಿಗ್ಗಲು ಬಿಟ್ಟರೆ ಇಳಿಯುತ್ತದೆ. ಇದು ಭೌತವಿಜ್ಞಾನದ ಸರಳ ಪಾಠ.

ಈಗ ಭೂಪಟದಲ್ಲಿ ಸೈಬೀರಿಯಾವನ್ನು ನೋಡಿ. 1968ರ ಡಿಸೆಂಬರ್ 31ರಂದು ಅಲ್ಲಿನ ಅಗಾಟ ಎಂಬಲ್ಲಿ ವಾಯುವಿನ ಒತ್ತಡ, ಸಮುದ್ರಮಟ್ಟಕ್ಕೆ ಹೊಂದಿಸಿ ಹೇಳುವುದಾದರೆ, 1083.8 ಹೆಕ್ಟೊಪಾಸ್ಕಲ್ ಮುಟ್ಟಿತ್ತು (ಒಂದು ಹೆಕ್ಟೊಪಾಸ್ಕಲ್ ಎಂದರೆ ಹಿಂದಿನ ಒಂದು ಮಿಲಿಬಾರ್). ಸಾಮಾನ್ಯ ಒತ್ತಡ 1013. ತಗ್ಗು ಪ್ರದೇಶದ ಕೇಂದ್ರಗಳ ಮಟ್ಟಿಗೆ ಇದು ವಿಶ್ವದಾಖಲೆ. ಪಂಪಿನ ಲೆಕ್ಕ ಹಿಡಿದರೆ ಇಂಥ ದಿನಗಳಲ್ಲಿ ಅಲ್ಲಿ ಬೆಚ್ಚಗಿರಬೇಕು. ಆದರೆ ಸೈಬೀರಿಯಾದಲ್ಲಿ ಒತ್ತಡ ಏರಿ ನಿಂತ ದಿನಗಳೇ ಅತಿ ಚಳಿಯ ದಿನಗಳು. ಹಾಗಾದರೆ ನಿಯಮ ತಪ್ಪಿತೇ?

ಗಾಳಿಯ ರಾಶಿ

ಅಕ್ಟೋಬರ್ ಕಳೆಯುತ್ತಿದ್ದಂತೆ ಸೈಬೀರಿಯಾ ಮತ್ತು ಮಂಗೋಲಿಯಾದ ನೆಲ ಬಹುಪಾಲು ಹಿಮದಿಂದ ಮುಚ್ಚಿಕೊಳ್ಳುತ್ತದೆ. ಸಮುದ್ರ ದೂರ, ಅದರ ಬೆಚ್ಚನೆಯ ಪ್ರಭಾವ ಅಲ್ಲಿಗೆ ತಲಪುವುದು ಕಡಿಮೆ. ನೆಲ ತಣಿದಂತೆ ಅದರ ಮೇಲಿನ ಗಾಳಿಯೂ ತಣಿಯುತ್ತದೆ, ಕುಗ್ಗುತ್ತದೆ. ಒಂದೇ ಒತ್ತಡದಲ್ಲಿ −40 ಡಿಗ್ರಿ ಸೆಲ್ಸಿಯಸ್‌ನ ಗಾಳಿ 20 ಡಿಗ್ರಿಯ ಗಾಳಿಗಿಂತ ಕಾಲು ಪಾಲು ಹೆಚ್ಚು ಸಾಂದ್ರ. ಕೆಳಗಿನ ಗಾಳಿ ಕುಗ್ಗಿದಾಗ ಮೇಲೆ ತೆರವಾದ ಜಾಗಕ್ಕೆ ಸುತ್ತಲಿಂದ ಗಾಳಿ ಹರಿದು ಬರುತ್ತದೆ. ಹೀಗೆ ನೆಲದ ಮೇಲಿನ ಒಟ್ಟು ಹೊರೆ ಹೆಚ್ಚುತ್ತದೆ. ಒತ್ತಡ 50 ಹೆಕ್ಟೊಪಾಸ್ಕಲ್ ಏರಿತೆಂದರೆ ಪ್ರತಿ ಚದರ ಮೀಟರ್ ನೆಲದ ಮೇಲೆ ಸುಮಾರು 500 ಕಿಲೋಗ್ರಾಂ ಗಾಳಿ ಹೆಚ್ಚಾಗಿ ಕೂತಿದೆ ಎಂದರ್ಥ!

ಈ ರಾಶಿ ಸುಮ್ಮನಿರುವುದಿಲ್ಲ. ತಳದಲ್ಲಿ ಗಾಳಿ ನಿಧಾನವಾಗಿ ಹೊರಕ್ಕೆ ಸರಿಯುತ್ತದೆ. ಭೂಮಿಯ ಆವರ್ತನೆಯಿಂದಾಗಿ ಅದು ಬಲಕ್ಕೆ ತಿರುಗಿ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತಾ ಹರಡುತ್ತದೆ. ಇದಕ್ಕೆ ಪ್ರತ್ಯಾವರ್ತ ಮಾರುತ ಎಂದು ಹೆಸರು. ಹೊರಗೆ ಹೋದ ಗಾಳಿಯ ಜಾಗಕ್ಕೆ ಮೇಲಿನ ಗಾಳಿ ಇಳಿದು ಬರುತ್ತದೆ.

ಬಿಸಿ ಎಲ್ಲಿಗೆ ಹೋಯಿತು?

ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಅಂದರೆ ಪಂಪಿನ ನಿಯಮ ತಪ್ಪಿಲ್ಲ! ಬಿಸಿಯಾದ ಗಾಳಿಯಲ್ಲಿ ಮೋಡದ ಹನಿಗಳು ಆವಿಯಾಗುತ್ತವೆ, ಆಕಾಶ ತಿಳಿಯಾಗುತ್ತದೆ. ಆದರೆ ಈ ಗಾಳಿ ನೆಲದವರೆಗೆ ಬರುವುದಿಲ್ಲ. ತಳದಲ್ಲಿ ಈಗಾಗಲೇ ಕೂತಿರುವ ಭಾರವಾದ ತಣ್ಣನೆಯ ಪದರದ ಮೇಲೆ ನಿಂತುಬಿಡುತ್ತದೆ.

ಇತ್ತ ನೆಲದ ಜಮಾ–ಖರ್ಚು ನೋಡಿ. ಒಯ್ಮ್ಯಕೋನ್ ಎಂಬ ಹಳ್ಳಿ ಸುಮಾರು 63 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಅಲ್ಲಿ ಸೂರ್ಯ ದಿಗಂತದಿಂದ ಬರೀ 3 ಡಿಗ್ರಿ ಮೇಲಿರುತ್ತಾನೆ. ಬಿದ್ದ ಅಲ್ಪ ಬಿಸಿಲಿನಲ್ಲೂ ಶೇ. 80–90ರಷ್ಟನ್ನು ಹೊಸ ಹಿಮ ಪ್ರತಿಫಲಿಸಿಬಿಡುತ್ತದೆ. ಜಮೆ ಹೆಚ್ಚುಕಡಿಮೆ ಸೊನ್ನೆ. ಖರ್ಚು? ಹಿಮದ ಮೇಲ್ಮೈ ಹಗಲಿರುಳೂ ಅವಕೆಂಪು ಕಿರಣಗಳನ್ನು ಹೊರಸೂಸುತ್ತಲೇ ಇರುತ್ತದೆ. ಮೋಡವಿದ್ದರೆ ಅದರಲ್ಲಿ ಒಂದಷ್ಟನ್ನು ಹಿಂದಿರುಗಿಸುತ್ತಿತ್ತು. ಅದೂ ಇಲ್ಲ. ಮಣ್ಣಿನ ಶಾಖ ಮೇಲೆ ಬರದಂತೆ ಹಿಮವೇ ಹತ್ತಿಯ ಹಾಸಿಗೆಯಂತೆ ತಡೆಯುತ್ತದೆ. ಗಾಳಿ ಬೀಸಿದ್ದರೆ ಮೇಲಿನ ಬಿಸಿ ಕೆಳಗೆ ಬೆರೆಯುತ್ತಿತ್ತು. ಅಧಿಕ ಒತ್ತಡದ ನಡುವಲ್ಲಿ ಗಾಳಿಯೂ ಸ್ತಬ್ಧ.

ಹೀಗಾಗಿ ಎತ್ತರ ಏರಿದಂತೆ ಉಷ್ಣತೆ ಇಳಿಯುವ ಬದಲು ಏರುತ್ತದೆ. ಇದೇ ಉಷ್ಣತಾ ವಿಲೋಮ. ಕಣಿವೆಯ ತಳದಲ್ಲಿ −50 ಡಿಗ್ರಿ ಇದ್ದಾಗ ಪಕ್ಕದ ಬೆಟ್ಟದ ಮೇಲೆ 15–20 ಡಿಗ್ರಿ ಹೆಚ್ಚಿರುವುದುಂಟು. ಅಧಿಕ ಒತ್ತಡ ಚಳಿಯನ್ನು ಹೊತ್ತು ತರುವುದಿಲ್ಲ. ಆಕಾಶವನ್ನು ತೆರೆದು, ಗಾಳಿಯನ್ನು ನಿಲ್ಲಿಸಿ, ಮೇಲೊಂದು ಮುಚ್ಚಳ ಹಾಕುತ್ತದೆ. ಉಳಿದದ್ದನ್ನು ನೆಲವೇ ಮಾಡಿಕೊಳ್ಳುತ್ತದೆ.

ಒಣ ಚಳಿ

ತಣ್ಣನೆಯ ಗಾಳಿಯಲ್ಲಿ ನೀರಾವಿಗೆ ಎಡೆ ಕಡಿಮೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ಆವಿ ಇರಬಲ್ಲದು. −20 ಡಿಗ್ರಿಯಲ್ಲಿ ಸುಮಾರು 1 ಗ್ರಾಂ, −40ರಲ್ಲಿ 0.2 ಗ್ರಾಂಗಿಂತ ಕಡಿಮೆ. −20ರ ಹೊರಗಾಳಿಯನ್ನು ಮನೆಯೊಳಕ್ಕೆ ತಂದು 20 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಶೇ. 5ರ ಆಸುಪಾಸಿಗೆ ಇಳಿಯುತ್ತದೆ. ತುಟಿ, ಚರ್ಮ, ಮೂಗಿನ ಒಳಪದರ ಬಿರಿಯುವುದರಲ್ಲಿ ಆಶ್ಚರ್ಯವೇನಿದೆ?

ಮುಚ್ಚಳದ ಕೆಳಗೊಂದು ನಗರ

ಇದೇ ಅಧಿಕ ಒತ್ತಡದ ಅಡಿಯಲ್ಲಿರುವ ರಾಜಧಾನಿ ಮಂಗೋಲಿಯಾದ ಉಲಾನ್‌ಬಾತರ್. ತೂಲ್ ನದಿಯ ಕಣಿವೆಯಲ್ಲಿ, ಸುಮಾರು 1300 ಮೀಟರ್ ಎತ್ತರದಲ್ಲಿದೆ. ಅಂಚಿನ ಬಡಾವಣೆಗಳಲ್ಲಿ ಜನರು ಗೇರ್ ಎಂಬ ದುಂಡನೆಯ ಗುಡಾರಗಳಲ್ಲಿ ಕಲ್ಲಿದ್ದಲ ಒಲೆ ಉರಿಸಿ ಬದುಕುತ್ತಾರೆ. ಬೆಂಕಿ ಆರಿದರೆ ಜೀವಕ್ಕೇ ಅಪಾಯ. ಆದರೆ ಹೊಗೆಗೆ ಮೇಲೇರಿ ಚದುರಲು ದಾರಿಯಿಲ್ಲ. 1000 ಮೀಟರ್ ಎತ್ತರದವರೆಗೆ ಹರಡಬೇಕಿದ್ದ ಹೊಗೆ ವಿಲೋಮದ ಮುಚ್ಚಳದಿಂದ 100 ಮೀಟರಿನೊಳಗೆ ಸಿಕ್ಕಿಕೊಂಡರೆ ಅದರ ದಟ್ಟಣೆ ಹತ್ತು ಪಟ್ಟಾಗುತ್ತದೆ. ಅದರ ಸೂಕ್ಷ್ಮ ಕಣಗಳು ಸೇರುವುದು ಮಕ್ಕಳ ಶ್ವಾಸಕೋಶಕ್ಕೆ. 2019ರ ಮೇ ತಿಂಗಳಲ್ಲಿ ನಗರದಲ್ಲಿ ಸಂಸ್ಕರಿಸದ ಕಲ್ಲಿದ್ದಲನ್ನು ನಿಷೇಧಿಸಲಾಯಿತು. ಇಂಥ ಕಡೆ ಗಾಳಿ ಬೀಸಲೆಂದು ಕಾಯುವುದು ಉಪಾಯವಲ್ಲ. ಮುಚ್ಚಳವನ್ನು ತೆಗೆಯುವುದು ನಮ್ಮ ಕೈಯಲ್ಲಿಲ್ಲ, ಹೊಗೆಯನ್ನು ಕಡಿಮೆ ಮಾಡುವುದು ಇದೆ.

ನಮ್ಮ ಚಳಿ ಸೈಬೀರಿಯಾದ್ದೇ?

'ಸೈಬೀರಿಯಾದ ಗಾಳಿ ಬಂತು' ಎಂದು ನಾವೂ ಹೇಳುವುದುಂಟು. ಆದರೆ ಆ ತಣ್ಣನೆಯ ಪದರ ತೆಳುವಾದದ್ದು. ಟಿಬೆಟ್ ಪ್ರಸ್ಥಭೂಮಿ ಮತ್ತು ಹಿಮಾಲಯವನ್ನು ಹತ್ತಿಳಿಯುವ ಶಕ್ತಿ ಅದಕ್ಕಿಲ್ಲ. ಅಂಥ ಗೋಡೆಯಿಲ್ಲದ ಪೂರ್ವ ಚೀನಾಕ್ಕೆ ಅದು ನುಗ್ಗುತ್ತದೆ. ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿದ್ದರೂ ಜನವರಿಯ ಸರಾಸರಿ ಉಷ್ಣತೆ ದೆಹಲಿಯಲ್ಲಿ 14 ಡಿಗ್ರಿಯಷ್ಟು, ಚೀನಾದ ಚಾಂಗ್‌ಶಾದಲ್ಲಿ 5 ಡಿಗ್ರಿಯಷ್ಟು. ಬೀದರ್, ವಿಜಯಪುರಗಳ ಚಳಿಯ ಮುಂಜಾವುಗಳಲ್ಲಿ ತಿಳಿಯಾದ ಆಕಾಶ, ಒಣ ಗಾಳಿ ಮತ್ತು ದೀರ್ಘ ರಾತ್ರಿಯ ಪಾಲು ದೊಡ್ಡದು. ಅಂದರೆ ಸೈಬೀರಿಯಾದ ಗಾಳಿ ಬಾರದಿದ್ದರೂ ಚಳಿ ಹುಟ್ಟುವ ವಿಧಾನ ಮಾತ್ರ ಅಲ್ಲಿಯದೇ!

ಒತ್ತಡವೇ ಚಳಿಯಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಸೈಬೀರಿಯಾದಲ್ಲೇ ಇದೆ. 1892ರ ಫೆಬ್ರವರಿಯಲ್ಲಿ −67.8 ಡಿಗ್ರಿ ದಾಖಲಾಗಿದ್ದ ವೆರ್ಖೊಯಾನ್ಸ್ಕ್‌ನಲ್ಲಿ 2020ರ ಜೂನ್ 20ರಂದು ಉಷ್ಣತೆ 38 ಡಿಗ್ರಿಗೆ ಏರಿತು. ಆಗಲೂ ಅಲ್ಲಿ ಅಧಿಕ ಒತ್ತಡ ಬೀಡುಬಿಟ್ಟಿತ್ತು, ಆಕಾಶ ತಿಳಿಯಾಗಿತ್ತು. ವ್ಯತ್ಯಾಸವಿಷ್ಟೇ: ಹಿಮ ಕರಗಿತ್ತು, ಸೂರ್ಯ ಮುಳುಗುತ್ತಿರಲಿಲ್ಲ. ಜಾಗತಿಕ ತಾಪ ಏರಿಕೆಯ ಪಾಲೂ ಅದರಲ್ಲಿತ್ತು.

ನೀವೇ ಮಾಡಿ ನೋಡಿ

ಒಂದೇ ಬಗೆಯ ಎರಡು ಉಷ್ಣತಾಮಾಪಕಗಳನ್ನು ತೆಗೆದುಕೊಳ್ಳಿ. ಬಯಲಿನಲ್ಲಿ ಒಂದನ್ನು ಹುಲ್ಲಿನ ಮೇಲಿಡಿ. ಇನ್ನೊಂದನ್ನು ಅಲ್ಲೇ ಒಂದೂವರೆ ಮೀಟರ್ ಎತ್ತರದಲ್ಲಿ ಕೋಲಿಗೆ ಕಟ್ಟಿ. ಡಿಸೆಂಬರಿನ ಒಂದು ತಿಳಿ ರಾತ್ರಿ ಕಳೆದು, ಸೂರ್ಯ ಹುಟ್ಟುವ ಮೊದಲು ಎರಡನ್ನೂ ಓದಿ ಬರೆದಿಡಿ. ಮೋಡ ಕವಿದ ರಾತ್ರಿಯ ನಂತರವೂ ಹೀಗೇ ಮಾಡಿ. ಎರಡು ದಿನಗಳ ಅಂತರಗಳನ್ನು ಹೋಲಿಸಿ. ಸೈಬೀರಿಯಾದ ಚಳಿಗಾಲದ ಒಂದು ಪುಟ್ಟ ಮಾದರಿ ನಿಮ್ಮ ಅಂಗಳದಲ್ಲೇ ಕಾಣಸಿಗುತ್ತದೆ.