ಎಸಿಗೆ ಸ್ಮಾರ್ಟ್ ಥರ್ಮೋಸ್ಟಾಟ್: ತಗೊಳ್ಳೂದಕ್ಕಿಂತ ಮೊದಲ ಇದನ್ನ ಕೇಳ್ರಿ

ದೇವರಗುಡ್ಡದ ಬ್ಯಾಸಿಗಿ ಗೊತ್ತಲ್ರಿ, ರಾತ್ರಿ ಹತ್ತಾದ್ರೂ ಆರ್‌ಸಿಸಿ ಮಾಳಗಿ ಕಾವು ಬಿಡೂದಿಲ್ಲ. ಮನಿಗೆ ಎಸಿ ಹಾಕ್ಸೀರಿ ಅಂದ್ರ ಈ ಮಾತು ನಿಮಗ.

ಅಮೆರಿಕದ ವಿಡಿಯೋದಾಗ ಕಾಣೋ ಗೋಡಿಗೆ ಹಚ್ಚೋ ಥರ್ಮೋಸ್ಟಾಟ್ ತರಿಸಬ್ಯಾಡ್ರಿ. ಅದಕ್ಕ 24 ವೋಲ್ಟಿನ ಬ್ಯಾರೆ ವೈರ್ ಬೇಕು, ನಮ್ಮ ಸ್ಪ್ಲಿಟ್ ಎಸಿಗೆ ಹೊಂದೂದಿಲ್ಲ. ನಮಗ ಬೇಕಾದ್ದು ರಿಮೋಟಿನ ಕೆಲಸ ಮಾಡೋ ಸಣ್ಣ ಐಆರ್ ಡಬ್ಬಿ. ಉಷ್ಣಾಂಶದ ಸೆನ್ಸರ್ ಇದ್ದದ್ದನ್ನ ಕೇಳಿ ತಗೋರಿ.

ಎಸಿಗೆ ನೇರ ಕಾಣೂವಂಗ ಇಡ್ರಿ, ನಡಕ ಕಪಾಟು ಬಂದ್ರ ಸಿಗ್ನಲ್ ಮುಟ್ಟೂದಿಲ್ಲ. ಕಿಟಕಿ ಬಿಸಲಿಗೆ, ಟಿವಿ ಹಿಂದ ಇಡಬ್ಯಾಡ್ರಿ. ಇಟ್ರ ಡಬ್ಬಿ ಕೋಣಿ ಇನ್ನೂ ಬಿಸಿ ಐತಿ ಅಂತ ತಿಳದು ಎಸಿ ಓಡಿಸ್ತಾನ ಇರ್ತೈತಿ. ವೈಫೈ ಬಹುತೇಕ 2.4 ಗಿಗಾಹರ್ಟ್ಸ್‌ನದ್ದೇ ಬೇಕು.

ಈಗ ಬಿಲ್ಲು. ಗೃಹಜ್ಯೋತಿ (ರಾಜ್ಯ ಸರ್ಕಾರದ ಪುಕ್ಕಟ ಕರೆಂಟ್ ಯೋಜನೆ) ಇದ್ದವ್ರು ಗಮನ ಕೊಡ್ರಿ: ತಿಂಗಳಿಗೆ 200 ಯೂನಿಟ್ ದಾಟಿದ್ರ ಪೂರ್ತಿ ಬಿಲ್ಲು ನೀವ ಕಟ್ಟಬೇಕು. ಎಸಿ ತಾಸಿಗೆ ಒಂದ ಯೂನಿಟ್ ತಗೊಂಡ್ರೂ, ದಿನಾ ಎಂಟು ತಾಸಿಗೆ ತಿಂಗಳಿಗೆ 240 ಆತು! ಎಸಿ ಒಂದರದ್ದ. ಅದಕ್ಕ ಡಬ್ಬಿಯ ಆ್ಯಪಿನಾಗ ಟೈಮ್ ಹಾಕ್ರಿ: ರಾತ್ರಿ 10ಕ್ಕೆ ಚಾಲೂ, 2ಕ್ಕೆ ಬಂದ್, ಆಮ್ಯಾಲೆ ಫ್ಯಾನ್. ಅರ್ಧ ಉಳೀತು.

ಡಿಗ್ರಿ 24ಕ್ಕ ಇರಲಿ. ಒಂದು ಡಿಗ್ರಿ ಏರಿಸಿದ್ರ ಸುಮಾರು 6% ಕರೆಂಟ್ ಉಳಿತೈತಿ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳ್ತೈತಿ. 2020ರಿಂದ ಸ್ಟಾರ್ ಗುರ್ತಿನ ಎಸಿಗಳಿಗೆ ಕಾರ್ಖಾನಿಯಾಗನ 24 ಇಟ್ಟು ಕಳಸ್ತಾರ.

ಕರೆಂಟ್ ಹೋಗಿ ಬಂದ್ರ ಡಬ್ಬಿ ವೈಫೈ ಹಿಡಿಯಾಕ ಸ್ವಲ್ಪ ಹೊತ್ತು ಬೇಕು. ಹಳೇ ರಿಮೋಟ್ ಹಾಸಿಗಿ ಹತ್ರಾನ ಇಟ್ಕೋರಿ.