ಸಿಗಡಿ ತಲೆಯಲ್ಲಿದೆ ಕೆಂಪು ಎಣ್ಣೆ

ಸಿಗಡಿಯ ಮಾಂಸ ರಫ್ತಿಗೆ ಹೋದ ಮೇಲೆ ಸಂಸ್ಕರಣಾ ಘಟಕದಲ್ಲಿ ತಲೆ, ಸಿಪ್ಪೆಗಳ ರಾಶಿ ಉಳಿಯುತ್ತದೆ. ತೂಕದಲ್ಲಿ ಅದು ಇಡೀ ಸಿಗಡಿಯ ಅರ್ಧದ ಹತ್ತಿರ ಬರುತ್ತದೆ. ಬಿಟ್ಟರೆ ಬೇಗನೆ ನಾರುವ ಈ ರಾಶಿಯಲ್ಲಿ ಒಮೆಗಾ-3 ಕೊಬ್ಬಿನಾಮ್ಲಗಳಿವೆ, ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣಕವಿದೆ. ಬೂದು ಸಿಗಡಿ ಬಾಣಲೆಗೆ ಬಿದ್ದೊಡನೆ ಕೆಂಪಾಗುವುದು ಇದರಿಂದಲೇ. ಪ್ರೋಟೀನಿಗೆ ಅಂಟಿಕೊಂಡು ಮರೆಯಾಗಿದ್ದ ಬಣ್ಣವನ್ನು ಶಾಖ ಬಿಡಿಸುತ್ತದೆ.

ಇವನ್ನು ಹೊರತೆಗೆಯಲು ದ್ರಾವಕ ಬೇಕು. 1959ರಲ್ಲಿ ಕೆನಡಾದ ಬ್ಲೈ ಮತ್ತು ಡಯರ್ ಮೀನಿನ ಕೊಬ್ಬು ತೆಗೆಯಲು ಕ್ಲೋರೋಫಾರ್ಮ್, ಮೆಥನಾಲ್ ಬಳಸಿದರು. ಪ್ರಯೋಗಾಲಯಗಳಲ್ಲಿ ಆ ವಿಧಾನ ಇಂದಿಗೂ ನಡೆಯುತ್ತಿದೆ. ತಿನ್ನುವ ಪದಾರ್ಥ ತಯಾರಿಸಲು ಮಾತ್ರ ಅದು ಸಲ್ಲದು. ಎಣ್ಣೆ ಉದ್ಯಮದ ಹೆಕ್ಸೇನ್ ಅಗ್ಗ. ಆದರೆ ಅದಕ್ಕೆ ಥಟ್ಟನೆ ಬೆಂಕಿ ಹತ್ತುತ್ತದೆ, ಅದರ ಆವಿಯನ್ನು ಬಹುಕಾಲ ಉಸಿರಾಡಿದವರ ನರಗಳಿಗೆ ಹಾನಿಯಾಗುತ್ತದೆ.

ಹಾಗಾದರೆ ಅಡುಗೆ ಎಣ್ಣೆಯನ್ನೇ ದ್ರಾವಕ ಮಾಡಿಕೊಂಡರೆ? ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಎನ್.ಎಂ. ಸಚಿಂದ್ರ ಮತ್ತು ಎನ್.ಎಸ್. ಮಹೇಂದ್ರಕರ್ ಇದನ್ನು ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಲವು ಖಾದ್ಯ ತೈಲಗಳ ಪೈಕಿ ಸೂರ್ಯಕಾಂತಿ ಎಣ್ಣೆ ಹೆಚ್ಚು ಬಣ್ಣ ಹೀರಿತು. ಅರೆದ ತ್ಯಾಜ್ಯಕ್ಕೆ ಅದರ ಎರಡರಷ್ಟು ಎಣ್ಣೆ ಬೆರೆಸಿ, 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 150 ನಿಮಿಷ ಕಾಯಿಸಿ, ಸೋಸಿ ಬೇರ್ಪಡಿಸಿದರೆ ಕೆಂಬಣ್ಣದ ಎಣ್ಣೆ ಸಿದ್ಧ. ಈ ವಿಧಾನದ ಸೊಗಸು ಇರುವುದೇ ಇಲ್ಲಿ: ದ್ರಾವಕವನ್ನು ಆವಿ ಮಾಡಿ ತೆಗೆಯುವ ಗೋಜಿಲ್ಲ. ಬಣ್ಣದೊಂದಿಗೆ ಎಣ್ಣೆಯೂ ಸಾಕುಮೀನಿನ ಆಹಾರಕ್ಕೆ ಸೇರುತ್ತದೆ. ಸಾಲ್ಮನ್ ಮೀನಿನ ಮಾಂಸಕ್ಕೆ ಕೆಂಪು ಬರುವುದು ಇಂಥ ವರ್ಣಕ ತಿಂದಾಗಲೇ.

ಶುದ್ಧ ಕೊಬ್ಬೇ ಬೇಕೆಂದರೆ ಬೇರೆ ದಾರಿಗಳಿವೆ. ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿಗಿಂತ ಮೇಲೆ, ವಾತಾವರಣದ ಸುಮಾರು 73 ಪಟ್ಟು ಮೀರಿದ ಒತ್ತಡದಲ್ಲಿಟ್ಟರೆ ಅದು ಅನಿಲದಂತೆ ನುಸುಳಿ, ದ್ರವದಂತೆ ಕೊಬ್ಬನ್ನು ಕರಗಿಸುತ್ತದೆ. ಒತ್ತಡ ಇಳಿಸಿದೊಡನೆ ಅನಿಲ ಹಾರಿಹೋಗಿ ಎಣ್ಣೆ ಉಳಿಯುತ್ತದೆ. ಫಾಸ್ಫೋಲಿಪಿಡ್ ಎಂಬ ಬಗೆಯ ಕೊಬ್ಬುಗಳು ಈ ಅನಿಲಕ್ಕೆ ಸುಲಭವಾಗಿ ದಕ್ಕುವುದಿಲ್ಲ, ಜೊತೆಗೆ ತುಸು ಎಥನಾಲ್ ಬೇಕು. ಅಧಿಕ ಒತ್ತಡ ತಾಳುವ ಯಂತ್ರಗಳು ದುಬಾರಿ. ಎಥನಾಲ್ ಒಂದನ್ನೇ ಬಳಸಬಹುದು, ಆದರೆ ಅದು ನೀರಿನೊಂದಿಗೆ ಬೆರೆಯುವುದರಿಂದ ಹಸಿ ತ್ಯಾಜ್ಯವನ್ನು ಮೊದಲು ಒಣಗಿಸುವುದು ಒಳ್ಳೆಯದು.

ಯಾವ ದಾರಿ ಹಿಡಿದರೂ ತಾಜಾತನಕ್ಕೆ ಬದಲಿಯಿಲ್ಲ. ಒಮೆಗಾ-3 ಗಾಳಿ ತಾಗಿದರೆ ಬೇಗ ಕಮಟುತ್ತದೆ, ತಲೆಯೊಳಗಿನ ಕಿಣ್ವಗಳೂ ಕೊಬ್ಬನ್ನು ಒಡೆಯುತ್ತವೆ. ಮಾಂಸಕ್ಕೆ ಹಾಕುವ ಮಂಜುಗಡ್ಡೆಯಲ್ಲಿ ತಲೆಗೂ ಪಾಲು ಸಿಗಬೇಕು. ಅದನ್ನು ಕಸವೆಂದು ಮೂಲೆಗೆ ಸುರಿದ ಮೇಲೆ ಯಾವ ದ್ರಾವಕವೂ ಅದರ ಬೆಲೆಯನ್ನು ಮರಳಿ ತಂದುಕೊಡದು.