ಮೋಡವಿಲ್ಲದ ರಾತ್ರಿ ಫೋಟೊ ಮಂಕಾಗುವುದೇಕೆ?

ಪ್ರಶ್ನೆ: ಚಳಿಗಾಲದಲ್ಲಿ ಹಿತ್ತಲಲ್ಲಿ ಕ್ಯಾಮೆರಾ ಇಟ್ಟು ನಕ್ಷತ್ರಗಳ ಫೋಟೊ ತೆಗೆಯುತ್ತೇನೆ. ಆಕಾಶ ಶುಭ್ರವಾಗಿದ್ದರೂ ಮಧ್ಯರಾತ್ರಿಯ ನಂತರದ ಚಿತ್ರಗಳೆಲ್ಲ ಮಂಕು. ಲೆನ್ಸ್ ಕೆಟ್ಟಿದೆಯೇ?
– ಓದುಗರು, ಹಿಂದೂಪುರ

ಉತ್ತರ: ಲೆನ್ಸ್ ಕೆಟ್ಟಿರಲಾರದು, ಅದರ ಮೇಲೆ ಇಬ್ಬನಿ ಕೂತಿರಬೇಕು. ಮೋಡ ನೆಲಕ್ಕೆ ಹೊದೆಸಿದ ಕಂಬಳಿಯಂತೆ. ಅದಿಲ್ಲದ ರಾತ್ರಿ, ಆಕಾಶಕ್ಕೆ ಮುಖಮಾಡಿದ ಗಾಜು ತನ್ನ ಶಾಖವನ್ನು ಹೊರಚೆಲ್ಲಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಹಾಗಾಗಿ ಫೋಟೊಗೆ ಹೇಳಿಮಾಡಿಸಿದ ರಾತ್ರಿಯೇ ಇಬ್ಬನಿಗೂ ಹೇಳಿಮಾಡಿಸಿದ್ದು.

ಬಟ್ಟೆಯಿಂದ ಒರೆಸಬೇಡಿ, ದೂಳಿದ್ದರೆ ಗಾಜಿಗೆ ಗೀರು ಬೀಳುತ್ತದೆ. ಲೆನ್ಸಿಗೆ ಉದ್ದನೆಯ ಹುಡ್ ಹಾಕಿ, ಇಲ್ಲವೇ ಕಪ್ಪು ರಟ್ಟು ಸುತ್ತಿ. ಪವರ್ ಬ್ಯಾಂಕಿನಿಂದ ನಡೆಯುವ ಹೀಟರ್ ಪಟ್ಟಿಯನ್ನು ಸಂಜೆಯೇ ಕಟ್ಟಿದರೆ ಇನ್ನೂ ಒಳ್ಳೆಯದು. ಗಾಜು ಗಾಳಿಗಿಂತ ತುಸು ಬೆಚ್ಚಗಿದ್ದರೆ ಸಾಕು.

ಕ್ಯಾಮೆರಾವನ್ನು ನಕ್ಷತ್ರಗಳ ಜೊತೆಜೊತೆಗೇ ತಿರುಗಿಸುವ ಟ್ರ್ಯಾಕರ್ ಇದ್ದೂ ಫೋಟೊದಲ್ಲಿ ನಕ್ಷತ್ರಗಳು ಗೆರೆಗಳಾಗುವುದೇಕೆ ಎಂದು ಕಲ್ಯಾಣದುರ್ಗದ ಓದುಗರೊಬ್ಬರು ಕೇಳಿದ್ದಾರೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಅದನ್ನು ಸರಿದೂಗಿಸಲು ಟ್ರ್ಯಾಕರಿನ ಅಕ್ಷ ಧ್ರುವ ನಕ್ಷತ್ರದ ಪಕ್ಕದಲ್ಲಿರುವ ಆಕಾಶಧ್ರುವದತ್ತ ಇರಬೇಕು. ನಿಮ್ಮಿಬ್ಬರ ಊರಿನಲ್ಲೂ ಧ್ರುವ ನಕ್ಷತ್ರ ದಿಗಂತದಿಂದ 14–15 ಡಿಗ್ರಿಯಷ್ಟೇ ಮೇಲಿರುತ್ತದೆ. ಮರವೋ ಗೋಡೆಯೋ ಅಡ್ಡವಾದರೆ ಕಾಣದು. ಉತ್ತರ ದಿಕ್ಕು ಬಯಲಾಗಿರುವ ಜಾಗವನ್ನೇ ಆರಿಸಿಕೊಳ್ಳಿ.